ಲಂಕೆಗೆ ಹೋದ ಬಲಗೈ

ಸೊರಬ

ನಮ್ಮ ಸೊರಬದಿಂದ ಶ್ರೀಲಂಕಾಕ್ಕೆ ಹೋಗಿಬಂದವರು ಕಡಿಮೆ. ಹೋದವರೂ ಸಮುದ್ರ ನೋಡಿದೆವು, ಆನೆ ನೋಡಿದೆವು ಎನ್ನುತ್ತಾರೆ. ನಾನು ಹೋದದ್ದು ನನ್ನ ಬಲಗೈಯ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟು ಬರಲು. ಹೀಗೆ ಹೇಳಿದರೆ ಜನ ಒಂದು ಹೆಜ್ಜೆ ಹಿಂದೆ ಸರಿದು ಮುಖ ನೋಡುತ್ತಾರೆಂದು ಗೊತ್ತಿದ್ದರಿಂದ, ಹೊರಡುವಾಗ ನಾನೂ ಆನೆ ನೋಡಲು ಹೋಗುತ್ತಿದ್ದೇನೆ ಎಂದೇ ಹೇಳಿದ್ದೆ.

ನನ್ನ ಹೆಸರು ಶೇಖರಪ್ಪ, ಕೆಲಸ ಪತ್ರ ಬರೆಯುವುದು. ನೋಂದಣಿ ಕಚೇರಿಯ ಎದುರಿನ ಜಗಲಿಯಲ್ಲಿ ಮೇಜು ಹಾಕಿಕೊಂಡು ಮೂವತ್ತೈದು ವರ್ಷ ಕೂತಿದ್ದೇನೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹಕ್ಕು ಖುಲಾಸೆ ಪತ್ರ, ಯಾವುದೇ ಇರಲಿ, 'ನಾನು ನನ್ನ ಸ್ವಂತ ಖುಷಿಯಿಂದ ಬರೆಸಿಕೊಟ್ಟದ್ದು ಏನೆಂದರೆ' ಎಂದು ಶುರು ಮಾಡುತ್ತಿದ್ದೆ. ಆ 'ನಾನು' ಮಾತ್ರ ಯಾವತ್ತೂ ನಾನಾಗಿರಲಿಲ್ಲ. ಬೆಳಿಗ್ಗೆ ಉಳವಿಯ ಒಬ್ಬ ಅಜ್ಜಿಯಾಗಿ ಮಗಳಿಗೆ ಮನೆ ದಾನ ಕೊಡುತ್ತಿದ್ದೆ. ಮಧ್ಯಾಹ್ನ ಚಂದ್ರಗುತ್ತಿಯ ಗೌಡರಾಗಿ ಗದ್ದೆ ಮಾರುತ್ತಿದ್ದೆ. ಸಂಜೆ ಮನೆಗೆ ಹೋಗಿ ಶೇಖರಪ್ಪನಾಗಿ ಅನ್ನ ಸಾರು ಉಣ್ಣುತ್ತಿದ್ದೆ. ಬುದ್ಧ ಹೇಳಿದ 'ನಾನು ಎಂಬುದಿಲ್ಲ' ಎಂಬ ಮಾತು ಎಲ್ಲರಿಗಿಂತ ಸುಲಭವಾಗಿ ನನಗೇ ಅರ್ಥವಾಗಬೇಕಿತ್ತು.

ಆದರೆ ನನಗೊಂದು ಜಂಬವಿತ್ತು, ಅಕ್ಷರದ ಜಂಬ. ಎಲ್ಲ ಕಡೆ ಕಂಪ್ಯೂಟರ್ ಬಂದ ಮೇಲೂ 'ಕರಡು ಶೇಖರಪ್ಪೋರ ಕೈಲೇ ಆಗ್ಲಿ' ಎಂದು ಬರುವವರಿದ್ದರು. ಆ ಮಾತನ್ನು ಪಕ್ಕದ ಮೇಜಿನವರಿಗೆ ಕೇಳುವಂತೆ ಇನ್ನೊಮ್ಮೆ ಹೇಳಿಸುವುದು ನನ್ನ ಚಾಳಿ.

ಎರಡು ವರ್ಷದ ಹಿಂದೆ ಬಲಗೈ ಹೆಬ್ಬೆರಳು ನಡುಗತೊಡಗಿತು. ಆಮೇಲೆ ಪೂರ್ತಿ ಕೈ. ವಿಚಿತ್ರವೆಂದರೆ ಕೆಲಸ ಮಾಡುವಾಗ ತುಸು ಸುಮ್ಮನಿದ್ದು, ಸುಮ್ಮನಿಟ್ಟಾಗ ನಡುಗುವ ಕೈ ಅದು. ಜೊತೆಗೆ ಅಕ್ಷರ ಸಣ್ಣದಾಗುತ್ತ ಬಂತು. ಪುಟದ ಮೊದಲ ಸಾಲು ಕಡಲೆಕಾಳಿನಷ್ಟಿದ್ದರೆ ಕೊನೆಯ ಸಾಲು ಸಾಸಿವೆ. ಟೈಪ್ ಮಾಡುವವರು ಕರಡನ್ನು ಕಣ್ಣಿನ ಹತ್ತಿರ ಹಿಡಿದು, ನಂತರ ನನ್ನನ್ನು ನೋಡಿ, ಮತ್ತೆ ಕರಡು ನೋಡುತ್ತಿದ್ದರು. ಕಾಗದ ಉಳಿಸುತ್ತಿದ್ದೇನೆ ಎಂದು ಹೇಳಿದೆ.

ಯಾರಿಗೂ ಗೊತ್ತಾಗಬಾರದೆಂದು ಕೈಯನ್ನು ಜೇಬಿನಲ್ಲಿಟ್ಟೆ. ಪಂಚೆ ಉಟ್ಟ ದಿನ ಕೊಡೆ ಹಿಡಿದೆ, ಬೇಸಿಗೆಯಲ್ಲೂ. ಹೆಂಡತಿ ಗಿರಿಜಾಗೆ ಹೇಳಲಿಲ್ಲ. ಡಾಕ್ಟರಿಗೆ ತೋರಿಸಲಿಲ್ಲ. ತೋರಿಸದೆ ಇರುವವರೆಗೆ ಕಾಯಿಲೆಗೆ ಹೆಸರಿರುವುದಿಲ್ಲ, ಹೆಸರಿಲ್ಲದ್ದು ದಾಖಲೆಗೆ ಬರುವುದಿಲ್ಲ ಎಂಬುದು ನನ್ನ ಕಚೇರಿ ಬುದ್ಧಿ. ರಾತ್ರಿ ನಿದ್ದೆ ಬಾರದೆ ಹೆದರಿಕೆಯಾಗುತ್ತಿತ್ತು, ಅದನ್ನೂ ಹೇಳಲಿಲ್ಲ.

ಶಿರಾಳಕೊಪ್ಪ

ಶಿರಾಳಕೊಪ್ಪದ ಬಟ್ಟೆ ವ್ಯಾಪಾರಿ ನಜೀರ್ ಸಾಹೇಬರು ನನ್ನ ಹಳೆಯ ಗಿರಾಕಿ, ಹಳೆಯ ಸ್ನೇಹಿತರು. ಅವರ ಅಂಗಡಿಯಲ್ಲಿ ಕೂತು ಒಂದು ವಾರಪತ್ರಿಕೆ ತಿರುವಿಹಾಕುವಾಗ ಬುದ್ಧನ ಬಗ್ಗೆ ಒಂದು ಲೇಖನ ಸಿಕ್ಕಿತು. ಈ ದೇಹ ನನ್ನದಲ್ಲ, ನಾನು ಎಂಬ ಒಡೆಯ ಒಳಗೆಲ್ಲೂ ಇಲ್ಲ, ಅದನ್ನು ಕಂಡವನಿಗೆ ದುಃಖವಿಲ್ಲ ಎಂದಿತ್ತು. ಕೆಳಗೆ ಶ್ರೀಲಂಕಾದ ಬೆಟ್ಟವೊಂದರ ಮೇಲೆ ಹತ್ತು ದಿನ ಇದನ್ನು ಕಲಿಸುವ ಧ್ಯಾನಕೇಂದ್ರದ ವಿಷಯವಿತ್ತು.

ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡಿತು. ಕೈ ನನ್ನದಲ್ಲ ಎಂದಾದರೆ ನಡುಕವೂ ನನ್ನದಲ್ಲ. ಒಂದು ಹಕ್ಕು ಖುಲಾಸೆ ಪತ್ರ, ಅಂದರೆ ಇನ್ನು ಮುಂದೆ ಸದರಿ ಸ್ವತ್ತಿಗೂ ನನಗೂ ಸಂಬಂಧವಿಲ್ಲ ಎಂದು ಬರೆದುಕೊಡುವುದು, ಅಷ್ಟೇ ತಾನೆ. ಇಂಥ ಪತ್ರ ಸಾವಿರ ಬರೆದಿದ್ದೇನೆ. ಕೈಯ ವಿಚಾರ ಬಿಟ್ಟು ಉಳಿದದ್ದನ್ನು ಸಾಹೇಬರಿಗೆ ಉತ್ಸಾಹದಿಂದ ವಿವರಿಸಿದೆ.

ಸಾಹೇಬರು ಬಿಳಿ ಪಂಚೆ ಮಡಚುತ್ತ ಕೇಳಿದರು. "ನಂದಲ್ಲ ಅಂದ್ರ ಮುಗೀತೇನ್ರಿ ಶೇಖರಪ್ಪ? ಅಂಗಡಿ ನಂದಲ್ಲ, ಮ್ಯಾಲಿನವಂದು ಅಂತ ನಾನೂ ದಿನಾ ಹೇಳ್ತೀನಿ. ಬೆಳಿಗ್ಗೆ ಶಟರ್ ನಾನೇ ಎತ್ತಬೇಕಲ್ರಿ."

ಇದು ವ್ಯಾಪಾರಿಯ ಮಾತು, ತತ್ವಜ್ಞಾನ ಇವರಿಗೆಲ್ಲಿ ಹಿಡಿಯಬೇಕು ಎಂದುಕೊಂಡೆ. ಆ ಅಂಗಡಿಯಿಂದ ಕೂಗಿದರೆ ಕೇಳುವಷ್ಟು ದೂರದ ಬಳ್ಳಿಗಾವಿಯಲ್ಲಿ ಒಂದು ಕಾಲಕ್ಕೆ ಬೌದ್ಧ ವಿಹಾರವೇ ಇತ್ತಂತೆ. ಬುದ್ಧನೇ ಮನೆ ಬಾಗಿಲಿಗೆ ಬಂದಾಗ ಕೇಳದೆ ಈಗ ಪಾಸ್‌ಪೋರ್ಟ್ ಮಾಡಿಸಲು ಹೊರಟಿದ್ದೆ.

ಒಬ್ಬನೇ ಹೋಗುವುದು ನನ್ನ ಯೋಜನೆ. ಗಿರಿಜಾ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಶಿವಮೊಗ್ಗಕ್ಕೆ ಹೋದ್ರೆ ಕೊಡೆ ಬಿಟ್ಟು ಬರ್ತೀರಿ. ಲಂಕೇಲಿ ಎಂತ ಬಿಟ್ಟು ಬರ್ತೀರೋ. ನಾನೂ ಬರ್ತೀನಿ."

ಕೊಲಂಬೊ

ವಿಮಾನ ನಿಲ್ದಾಣದಲ್ಲಿ ಜೇಬಿನೊಳಗೆ ಕೈ ಇಟ್ಟುಕೊಂಡು ಓಡಾಡುವವನ ಮೇಲೆ ಪೊಲೀಸರಿಗೆ ವಿಶೇಷ ಪ್ರೀತಿ ಇರುತ್ತದೆಂದು ನನಗೆ ತಿಳಿದಿರಲಿಲ್ಲ. ಒಬ್ಬ ಅಧಿಕಾರಿ ಕೈ ಹೊರಗೆ ತೆಗೆಯಲು ಹೇಳಿದ. ತೆಗೆದೆ. ಅದು ಇಷ್ಟು ಹೊತ್ತು ಕೂಡಿಹಾಕಿದ್ದ ಸಿಟ್ಟನ್ನೆಲ್ಲ ಸೇರಿಸಿ ಕುಣಿಯಿತು.

"ಯಾಕೆ ನಡುಗುತ್ತಿದ್ದೀರಿ?" ಎಂದ.

"ಚಳಿ," ಎಂದೆ. ನನ್ನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಚೀಲ ಬಿಚ್ಚಿಸಿದರು. ಗಿರಿಜಾ ತುಂಬಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ, ಒಗ್ಗರಣೆ ಹಾಕಿದ ಮಂಡಕ್ಕಿ ಹೊರಬಂದವು. ಅಧಿಕಾರಿ ಒಂದು ಮಿಡಿಯನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ಹೋಗಿ ಎಂದು ಕೈಸನ್ನೆ ಮಾಡಿದ. ಗಿರಿಜಾ ಆ ಹೊತ್ತಿಗೆ ಹೆಂಗಸರ ಸಾಲಿನಲ್ಲಿದ್ದಳು. ಅವಳು ನೋಡಲಿಲ್ಲವೆಂದು ದೇವರಿಗೆ ಕೈಮುಗಿದೆ. ಕೈಮುಗಿದಾಗ ಎಡಗೈ ಹಿಡಿದುಕೊಳ್ಳುವುದರಿಂದ ಬಲಗೈ ಸುಮ್ಮನಿರುತ್ತದೆ. ಈಚೆಗೆ ನನ್ನ ಭಕ್ತಿ ಹೆಚ್ಚಲು ಇದೂ ಒಂದು ಕಾರಣ.

ಬೆಟ್ಟದ ಕಡೆಯ ಬಸ್ಸು ಹತ್ತಿದೆವು. ಚಾಲಕನ ಹಿಂದಿನ ಮೊದಲ ಸೀಟು ಖಾಲಿ ಇತ್ತು. ನಿಂತವರು ಎಷ್ಟೋ ಜನರಿದ್ದರೂ ಯಾರೂ ಕೂರದ್ದನ್ನು ಕಂಡು, ಪಾಪ ಇವರಿಗೆ ಚುರುಕಿಲ್ಲ ಎಂದುಕೊಂಡು ಹೋಗಿ ಕೂತೆ. ಮುಂದಿನ ನಿಲ್ದಾಣದಲ್ಲಿ ಕಾವಿ ಹೊದ್ದ ಒಬ್ಬ ವೃದ್ಧ ಭಿಕ್ಷು ಹತ್ತಿ ನನ್ನ ಪಕ್ಕ ನಿಂತರು. ಯಾರೂ ಏನೂ ಹೇಳಲಿಲ್ಲ, ಎಲ್ಲರೂ ನನ್ನನ್ನು ನೋಡಿದರು. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಕಂಡಕ್ಟರ್ ನನ್ನ ವಂಶವನ್ನೆಲ್ಲ ವಿಚಾರಿಸಿರುತ್ತಿದ್ದ. ಕೊನೆಗೆ ಗಿರಿಜಾ ಹಿಂದಿನಿಂದ ನನ್ನ ಅಂಗಿ ಜಗ್ಗಿದಳು. "ಏಳಿ ಮೇಲೆ. ಅದು ಸನ್ಯಾಸಿಗಳ ಸೀಟಂತೆ, ಮೇಲೆ ಚಿತ್ರ ಹಾಕಿದಾರೆ."

ನಾನು ಎಂಬುದನ್ನು ಬಿಡಲು ಬಂದವನು ದೇಶಕ್ಕೆ ಕಾಲಿಟ್ಟು ಮಾಡಿದ ಮೊದಲ ಕೆಲಸ ಸನ್ಯಾಸಿಯ ಜಾಗ ಹಿಡಿದದ್ದು. ಎದ್ದು ನಿಂತೆ. ದಾರಿಯುದ್ದಕ್ಕೂ ಗದ್ದೆ, ಹಲಸು, ತೆಂಗು. ರಸ್ತೆ ಬದಿಯ ಬುದ್ಧನ ಗುಡಿ ಬಂದಾಗಲೆಲ್ಲ ಚಾಲಕ ನಿಧಾನಿಸುತ್ತಿದ್ದ, ಕೂತವರು ಅರ್ಧ ಎದ್ದು ಕೂರುತ್ತಿದ್ದರು. ಗಿರಿಜಾ ಕಿಟಕಿಯಿಂದ ಎರಡು ಗಂಟೆ ನೋಡಿ ತೀರ್ಪು ಕೊಟ್ಟಳು. "ಇದನ್ನ ನೋಡಾಕೆ ವಿಮಾನ ಹತ್ತಬೇಕಿತ್ತಾ? ಉಳವಿ ಬಸ್ಸು ಸಾಕಿತ್ತು." ಉಳವಿ ಅವಳ ತವರು.

ಬೆಟ್ಟದ ಮೇಲೆ, ಮೊದಲ ಮೂರು ದಿನ

ಧ್ಯಾನಕೇಂದ್ರದ ನಿಯಮಗಳು ಸರಳ. ಬಿಳಿ ಬಟ್ಟೆ ಉಡಬೇಕು. ಮಾತಾಡಬಾರದು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಮಧ್ಯಾಹ್ನ ಹನ್ನೆರಡರ ನಂತರ ಊಟವಿಲ್ಲ. ಕೊನೆಯ ನಿಯಮವನ್ನು ಓದಿ ಗಿರಿಜಾ ನನ್ನನ್ನು ನೋಡಿದ ನೋಟ ಮಾತಿನ ನಿಯಮಕ್ಕೆ ಒಳಪಡುತ್ತಿರಲಿಲ್ಲ.

ಮೊದಲ ದಿನ ಸಾಲಾಗಿ ಕೂತೆವು. ಕಾಲು ಮಡಚಿ, ಬೆನ್ನು ನೆಟ್ಟಗೆ, ತೊಡೆಯ ಮೇಲೆ ಎಡಗೈ, ಅದರ ಮೇಲೆ ಬಲಗೈ, ಎರಡನ್ನೂ ಸುಮ್ಮನೆ ಬಿಡಬೇಕು. ಸುಮ್ಮನೆ ಬಿಟ್ಟರೆ ನಡುಗುವ ಕೈ ನನ್ನದು. ಜಗತ್ತಿನಲ್ಲಿ ಅದನ್ನು ಬಚ್ಚಿಡಲು ಎಷ್ಟೋ ಜಾಗಗಳಿರುವಾಗ, ಎಲ್ಲರೂ ಮರದ ಹಾಗೆ ಅಲುಗದೆ ಕೂರುವ ಒಂದೇ ಒಂದು ಕೋಣೆಗೆ ನಾನಾಗಿಯೇ ಅರ್ಜಿ ಹಾಕಿ ಬಂದಿದ್ದೆ.

ಉಪಾಯ ಮಾಡಿದೆ. ಕೈಗಳ ಕ್ರಮ ಬದಲಿಸಿ ಬಲಗೈಯನ್ನು ಕೆಳಗಿಟ್ಟು ಎಡಗೈಯಿಂದ ಅದುಮಿ ಹಿಡಿದೆ. ಉಳಿದವರು ಉಸಿರನ್ನು ಗಮನಿಸುತ್ತಿದ್ದರೆ ನಾನು ಕಾವಲು ಕಾಯುತ್ತಿದ್ದೆ. ಊಟಕ್ಕೆ ಎಲ್ಲರಿಗಿಂತ ಕೊನೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತೆ. ಅನ್ನ ಬಾಯಿಗೆ ತಲುಪುವುದರೊಳಗೆ ಅರ್ಧ ಎದೆಯ ಮೇಲಿರುತ್ತಿತ್ತು. ಎರಡನೆಯ ದಿನ ಅಡುಗೆಯ ಸೋಮಪಾಲ ನನ್ನ ತಟ್ಟೆಯ ಪಕ್ಕ ಒಂದು ಚಮಚ ಇಟ್ಟು, ನನ್ನ ಕಡೆ ನೋಡದೆ ಹೋದರು. ಐವತ್ತರ ಮನುಷ್ಯ, ಗಲ್ಫಿನಲ್ಲಿ ಹತ್ತಾರು ವರ್ಷ ಅಡುಗೆ ಮಾಡಿ ಹಿಂದಿ ಕಲಿತವರು. ಅವರಿಗೆ ಗೊತ್ತಾಯಿತಲ್ಲ ಎಂದು ಅವಮಾನವಾಯಿತು. ಚಮಚವನ್ನು ಹಾಗೇ ಬಿಟ್ಟು, ಸೊಕ್ಕಿನಿಂದ ಇನ್ನಷ್ಟು ಅನ್ನ ಎದೆಗೆ ಉಣಿಸಿದೆ.

ಮೂರನೆಯ ಸಂಜೆ ಹಸಿವು ತಾಳದೆ ಬಟ್ಟೆ ಒಣಗಿಸುವ ಹಗ್ಗದ ಹತ್ತಿರ ನಿಂತಿದ್ದೆ. ಹೆಂಗಸರ ಕಡೆಯಿಂದ ಒಂದು ಕೆಮ್ಮು ಕೇಳಿತು. ಮೂವತ್ತು ವರ್ಷದಿಂದ ಪರಿಚಯವಿರುವ ಕೆಮ್ಮು. ತಿರುಗಿ ನೋಡಿದರೆ ಹಗ್ಗದ ಮೇಲೆ ನನ್ನ ಟವೆಲ್, ಅದರೊಳಗೆ ಮಂಡಕ್ಕಿಯ ಪೊಟ್ಟಣ. ಆಸೆಯೇ ದುಃಖಕ್ಕೆ ಮೂಲ ಎಂದು ಬೆಳಿಗ್ಗೆಯಷ್ಟೇ ಕೇಳಿದ್ದೆ. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ತಿಂದೆ, ಮಂಡಕ್ಕಿ ಅಗಿಯುವ ಸದ್ದಾಗಬಾರದೆಂದು ನಲ್ಲಿ ಬಿಟ್ಟು.

ನಾಲ್ಕನೆಯ ದಿನ

ಆ ದಿನ ಒಬ್ಬೊಬ್ಬರನ್ನೇ ಹಿರಿಯ ಭಿಕ್ಷುಗಳು ಕರೆಸಿ ಮಾತಾಡಿಸಿದರು. ಎಪ್ಪತ್ತು ದಾಟಿದವರು. ನಾನು ಹೋದಾಗ ಒಂದು ಸಡಿಲಾದ ಪೊರಕೆಗೆ ದಾರ ಸುತ್ತುತ್ತ ಕೂತಿದ್ದರು. ಮಾತು ಇಂಗ್ಲಿಷಿನಲ್ಲಿ. ನನ್ನದು ಕಚೇರಿಯ ಇಂಗ್ಲಿಷ್, ಆಸ್ತಿಯ ವಿಷಯಕ್ಕೆ ಸಾಕು, ಆತ್ಮದ ವಿಷಯಕ್ಕೆ ಸಾಲದು. ಹೇಗೋ ನಡೆಯಿತು.

"ಹೇಗಿದೆ?" ಎಂದರು.

"ಮಂಡಿ ನೋವು."

"ಯಾರಿಗೆ ನೋವು?"

ಯಾರು ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಂದ ಬರುವುದು ಒಂದೇ. ದಿವಂಗತ ಬಸಪ್ಪನವರ ಮಗ ಶೇಖರಪ್ಪ, ವಯಸ್ಸು ಸುಮಾರು ಅರವತ್ತೊಂದು ವರ್ಷ, ಸೊರಬ ಟೌನ್ ವಾಸಿ ಎಂದು ಒಂದೇ ಉಸಿರಿಗೆ ಹೇಳಿದೆ. ಭಿಕ್ಷುಗಳು ಪೊರಕೆ ಕೆಳಗಿಟ್ಟು ನಕ್ಕರು. ಅಷ್ಟು ವಯಸ್ಸಾದವರು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ.

"ಒಳ್ಳೆಯದು," ಎಂದರು. "ಇನ್ನೂ ಸರಿಯಾಗಿ ಹೇಳು. ಆ ಶೇಖರಪ್ಪ ಎಲ್ಲಿಂದ ಎಲ್ಲಿಯವರೆಗೆ?"

ಇದು ನನ್ನ ಕ್ಷೇತ್ರ. ಯಾವ ಜಮೀನಿನ ಪತ್ರಕ್ಕೂ ಚಕ್ಕುಬಂದಿ ಬೇಕು, ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಹಳ್ಳ ಎಂದು ನಾಲ್ಕು ದಿಕ್ಕಿನ ಗಡಿ. ಹೊರಗೆ ಹೋಗಿ ಒಂದು ಗಂಟೆ ಕಣ್ಣುಮುಚ್ಚಿ ನನ್ನ ಚಕ್ಕುಬಂದಿ ಹುಡುಕಿದೆ. ಚರ್ಮದವರೆಗೆ ನಾನು ಎಂದುಕೊಂಡರೆ, ಒಳಗೆ ಹೋಗುವ ಗಾಳಿ ಯಾವ ಹಂತದಲ್ಲಿ ನನ್ನ ಹೆಸರಿಗೆ ವರ್ಗವಾಗುತ್ತದೆ ತಿಳಿಯಲಿಲ್ಲ. ಬೆಳಿಗ್ಗೆ ತಿಂದ ಅನ್ನ ನಾನೋ, ಸೋಮಪಾಲರೋ, ಗದ್ದೆಯೋ? ಯೋಚನೆಗಳನ್ನು ಹಿಡಿಯೋಣವೆಂದರೆ ಅವು ಕರೆಯದೆ ಬಂದು ಹೇಳದೆ ಹೋಗುತ್ತಿದ್ದವು. ನಾಲ್ಕೂ ದಿಕ್ಕಿಗೆ ತಕರಾರು. ಇಂಥ ಸ್ವತ್ತಿನ ಪತ್ರ ತಂದಿದ್ದರೆ ನಾನೇ ವಾಪಸು ಕಳಿಸುತ್ತಿದ್ದೆ.

ಮತ್ತೆ ಹೋಗಿ ವರದಿ ಒಪ್ಪಿಸಿದೆ. ಗಡಿ ಸಿಗಲಿಲ್ಲ, ಬಾಂದುಕಲ್ಲೂ ಕಾಣಲಿಲ್ಲ ಎಂದೆ. ಗಡಿಗೆ ಹುಗಿಯುವ ಕಲ್ಲು ಎಂದು ವಿವರಿಸಿದೆ.

"ನಿಮ್ಮೂರಲ್ಲಿ ಆ ಕಲ್ಲು ಹುಗಿಯುವವರು ಯಾರು?"

"ಸರ್ವೆಯವರು."

"ಅವರು ಬರುವ ಮೊದಲು ಅಲ್ಲೇನಿತ್ತು?"

"ಮಣ್ಣು," ಎಂದೆ. ಅವರು ತಲೆಯಾಡಿಸಿ ಪೊರಕೆಯ ಕೆಲಸ ಮುಂದುವರಿಸಿದರು. ನನಗೆ ಒಳಗೊಳಗೇ ಸಂತೋಷವಾಯಿತು. ನಾಲ್ಕೇ ದಿನದಲ್ಲಿ ದಡ ಸೇರಿದೆ ಎಂದುಕೊಂಡು, ತಡಮಾಡದೆ ನನ್ನ ಅಸಲು ಅರ್ಜಿ ಮುಂದಿಟ್ಟೆ. "ಹಾಗಾದರೆ ಈ ಕೈ ನನ್ನದಲ್ಲ. ಅದಕ್ಕೆ ಏನೇ ಆದರೂ ನನಗೆ ಸಂಬಂಧವಿಲ್ಲ. ಸರಿಯೇ?"

"ನಿನ್ನದಲ್ಲ, ಸರಿ. ಮತ್ತೆ ಯಾಕೆ ಬಚ್ಚಿಡುತ್ತೀಯ?"

ನನ್ನ ಎಡಗೈ ಬಲಗೈಯನ್ನು ಇನ್ನಷ್ಟು ಬಿಗಿಯಾಗಿ ಅದುಮಿತು.

"ನಾಲ್ಕು ದಿನದಿಂದ ನೋಡುತ್ತಿದ್ದೇನೆ. ನಿನ್ನ ಎಡಗೈ ಪೊಲೀಸ್ ಕೆಲಸ ಮಾಡುತ್ತಿದೆ. ತನ್ನದಲ್ಲದ ವಸ್ತುವನ್ನು ಬಚ್ಚಿಟ್ಟುಕೊಂಡರೆ ನಿಮ್ಮೂರಲ್ಲಿ ಅದಕ್ಕೆ ಏನೆನ್ನುತ್ತಾರೆ?"

"ಕಳ್ಳತನ," ಎಂದೆ.

ಅವರು ಪೊರಕೆಯನ್ನು ನನ್ನ ಕೈಗೆ ಕೊಟ್ಟು ಅಂಗಳ ಗುಡಿಸಲು ಹೇಳಿದರು. ಸಿಟ್ಟಿನಿಂದ ಗುಡಿಸಿದೆ. ಸಮುದ್ರ ದಾಟಿ ಬಂದು ಕಳ್ಳ ಎನಿಸಿಕೊಂಡೆನಲ್ಲ, ಅದೂ ನನ್ನ ಬಾಯಿಂದಲೇ. ಉಳಿದ ಆರು ದಿನ ಎಡಗೈಯನ್ನು ಕೆಲಸದಿಂದ ಬಿಡಿಸಲು ನೋಡಿದೆ. ಒಂದೆರಡು ನಿಮಿಷ ಬಿಡುತ್ತಿದ್ದೆ, ಪಕ್ಕದವರು ಉಸಿರು ಬದಲಿಸಿದರೂ ಮತ್ತೆ ಅದುಮಿ ಹಿಡಿಯುತ್ತಿದ್ದೆ. ಬಂದ ಕೆಲಸ ಆಗುವುದಿಲ್ಲ ಎಂದು ಖಾತ್ರಿಯಾಯಿತು. ಹೆದರಿಕೆ ಸೊರಬದಲ್ಲಿದ್ದಷ್ಟೇ ಇತ್ತು.

ಸೋಮಪಾಲರ ಮನೆ

ಹತ್ತು ದಿನ ಮುಗಿದು ಮಾತಿನ ನಿಯಮ ಸಡಿಲವಾದಾಗ ಸೋಮಪಾಲ ನಮ್ಮಿಬ್ಬರನ್ನು ಮನೆಗೆ ಕರೆದರು. ಅವರ ತಂದೆ ತೀರಿಕೊಂಡು ಮೂರು ತಿಂಗಳು. ಆ ದಿನ ಭಿಕ್ಷುಗಳಿಗೆ ಊಟವಿಕ್ಕಿ, ಅದರ ಪುಣ್ಯವನ್ನು ಸತ್ತವರಿಗೆ ದಾಟಿಸುವುದು ಅಲ್ಲಿನ ಪದ್ಧತಿ. ನಮ್ಮಲ್ಲಿ ತಿಥಿಯ ದಿನ ಕಾಗೆಗೆ ಕಾಯುತ್ತೇವೆ, ಇವರು ಭಿಕ್ಷುಗಳಿಗೆ ಕಾಯುತ್ತಾರೆ. ಬಾಗಿಲಲ್ಲಿ ಅವರ ಕಾಲು ತೊಳೆದು, ಬಿಳಿ ಬಟ್ಟೆಯ ಮೇಲೆ ನಡೆಸಿ ಒಳಗೆ ಕರೆದುಕೊಂಡರು. ನಮ್ಮ ಪೊರಕೆಯ ಹಿರಿಯ ಭಿಕ್ಷುಗಳೂ ಬಂದಿದ್ದರು.

ನಾವು ಭಾರತದವರೆಂದು ತಿಳಿದದ್ದೇ ಮನೆಮಂದಿಯ ಮುಖ ಅರಳಿತು. ಬುದ್ಧ ಹುಟ್ಟಿದ ಸೀಮೆಯವರು ಎಂದು ಮುದುಕರೆಲ್ಲ ಬಂದು ಕೈಮುಗಿದರು. ನಾನು ಹುಬ್ಬಳ್ಳಿಯಿಂದ ಉತ್ತರಕ್ಕೆ ಯಾವತ್ತೂ ಹೋದವನಲ್ಲ. ಅದನ್ನು ಹೇಳಬಹುದಾಗಿತ್ತು. ಬದಲಿಗೆ ಗಂಭೀರವಾಗಿ ತಲೆಯಾಡಿಸಿದೆ.

ಊಟ, ಉಪದೇಶ ಮುಗಿದ ಮೇಲೆ ಕೊನೆಯ ವಿಧಿ. ತಟ್ಟೆಯ ಮೇಲೊಂದು ಬಟ್ಟಲು ಇಟ್ಟು, ಭಿಕ್ಷುಗಳು ಮಂತ್ರ ಹೇಳುತ್ತಿರುವಾಗ, ಮೂತಿಯಿರುವ ಪಾತ್ರೆಯಿಂದ ನೀರನ್ನು ಸಣ್ಣ ಧಾರೆಯಾಗಿ ಸುರಿಯಬೇಕು. ಪಾತ್ರೆ ಥೇಟ್ ನಮ್ಮ ಗಿಂಡಿ. ಬಟ್ಟಲು ತುಂಬಿ ತಟ್ಟೆಗೆ ಚೆಲ್ಲಿದಾಗ ಪುಣ್ಯ ತಲುಪಿತೆಂದು ಅರ್ಥ. ಸೋಮಪಾಲ ಗಿಂಡಿಯನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು. "ನೀವು ಸುರಿಯಬೇಕು. ಅಷ್ಟು ದೂರದಿಂದ ಬಂದಿದ್ದೀರಿ. ಅಪ್ಪನಿಗೆ ಸಂತೋಷವಾಗುತ್ತದೆ."

ಆಗುವುದಿಲ್ಲ ಎನ್ನಬೇಕಿತ್ತು. ಅಷ್ಟೂ ಜನ ನನ್ನನ್ನು ನೋಡುತ್ತಿದ್ದರು. ಮುದುಕರು ಕೈಮುಗಿದದ್ದು ಇನ್ನೂ ತಲೆಯಲ್ಲಿತ್ತು. ತೆಗೆದುಕೊಂಡೆ.

ಮೊದಲು ಕೈ ಸುಮ್ಮನಿತ್ತು. ಧಾರೆ ನೂಲಿನ ಹಾಗೆ ಇಳಿಯಿತು. ಬಟ್ಟಲು ಕಾಲುಭಾಗವೂ ತುಂಬಿರಲಿಲ್ಲ, ಕೈ ಶುರುಮಾಡಿತು. ಗಿಂಡಿಯ ಮೂತಿ ಬಟ್ಟಲಿನ ಅಂಚಿಗೆ ಬಡಿದು ಟಿಕ್ ಟಿಕ್ ಎಂದಿತು. ಮಂತ್ರದ ನಡುವೆ ಆ ಸದ್ದು ಎಲ್ಲರಿಗೂ ಕೇಳುತ್ತಿತ್ತು. ನೀರು ತಟ್ಟೆಗೆ, ಚಾಪೆಗೆ, ನನ್ನ ಪಂಚೆಗೆ ಬಿತ್ತು. ಕೈ ಬದಲಿಸುವಂತಿಲ್ಲ, ಧಾರೆ ಕಡಿಯಬಾರದು. ಎರಡು ವರ್ಷ ಜೇಬಿನಲ್ಲಿ, ಕೊಡೆಯ ಹಿಡಿಯಲ್ಲಿ ಮುಚ್ಚಿಟ್ಟದ್ದನ್ನು ಒಂದು ಅಪರಿಚಿತ ಊರಿನ ನಡುಮನೆಯಲ್ಲಿ, ಸತ್ತವರೊಬ್ಬರ ಕೆಲಸ ಕೆಡಿಸುತ್ತ ತೋರಿಸುತ್ತಿದ್ದೆ. ನಾಚಿಕೆಯಿಂದ ಕಣ್ಣು ಮಂಜಾಯಿತು.

ಆಗ ಸೋಮಪಾಲರ ತಾಯಿ ಮುಂದೆ ಸರಿದು ನನ್ನ ಮಣಿಕಟ್ಟಿನ ಮೇಲೆ ಕೈ ಇಟ್ಟರು. ಎಂಬತ್ತು ದಾಟಿದ ಮುದುಕಿ, ಅವರ ಕೈಯೂ ನಡುಗುತ್ತಿತ್ತು. ಅವರ ಕೈ ಮೇಲೆ ಸೋಮಪಾಲ ಕೈ ಇಟ್ಟರು, ಅವರ ತಂಗಿ ಇಟ್ಟರು. ನನ್ನನ್ನು ಕಾಪಾಡಲು ಮಾಡಿದ್ದೆಂದು ನಾನು ತಿಳಿದೆ. ಆಮೇಲೆ ಗೊತ್ತಾಯಿತು, ಅದು ಅವರ ಪದ್ಧತಿಯೇ. ಸುರಿಯುವವರ ಕೈಯನ್ನು ಮನೆಮಂದಿಯೆಲ್ಲ ಮುಟ್ಟಬೇಕು, ಎಲ್ಲರ ಪುಣ್ಯವೂ ಸೇರಿ ಹೋಗಬೇಕು. ನನ್ನ ಕೈ ಸ್ಥಿರವಾಗಿದ್ದರೂ ಅವರು ಹಾಗೆಯೇ ಹಿಡಿಯುತ್ತಿದ್ದರು. ಕೊನೆಗೆ ಹಸಿರು ಗಾಜಿನ ಬಳೆಯ ಒಂದು ಕೈ ಬಂತು. ಅದು ಗಿರಿಜಾಳದು.

ಐದಾರು ಕೈಗಳ ಅಡಿಯಲ್ಲಿ ನನ್ನದು ಕಾಣುತ್ತಿರಲಿಲ್ಲ. ನಡುಕ ನಿಲ್ಲಲಿಲ್ಲ. ಆದರೆ ಆ ನಡುಕ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತಿದೆ, ಎಷ್ಟು ಪಾಲು ಮುದುಕಿಯದು, ಎಷ್ಟು ಪಾಲು ಅಳುತ್ತಿದ್ದ ಅವರ ಮಗಳದು, ಎಷ್ಟು ನನ್ನದು, ಹೇಳಲು ಬರುತ್ತಿರಲಿಲ್ಲ. ನಡುಕವಿತ್ತು, ಅದರ ಒಡೆಯ ಸಿಗಲಿಲ್ಲ. ಹತ್ತು ದಿನ ಕಾಲು ಮಡಚಿ ಹುಡುಕಿದಾಗ ಕಾಣದ್ದು ಒಂದು ಗಿಂಡಿ ನೀರು ಖಾಲಿಯಾಗುವಷ್ಟರಲ್ಲಿ ಕಂಡಿತು. ಹೆದರಿಕೆ ಆ ಹೊತ್ತಿಗೆ ಎಲ್ಲಿತ್ತೋ ಗೊತ್ತಿಲ್ಲ, ನನ್ನಲ್ಲಿರಲಿಲ್ಲ. ಬಟ್ಟಲು ತುಂಬಿ ತಟ್ಟೆಗೆ ಚೆಲ್ಲಿತು. ನಾನು ಮರೆಯಿಲ್ಲದೆ ಅತ್ತೆ. ಸತ್ತವರು ನನಗೆ ಯಾರೂ ಅಲ್ಲದಿದ್ದರೂ ಆ ಮನೆಯವರು ಅದನ್ನು ವಿಚಿತ್ರವೆಂದು ಎಣಿಸಲಿಲ್ಲ.

ಹಿರಿಯ ಭಿಕ್ಷುಗಳು ಹೊರಡುವಾಗ ಏನಾದರೂ ಹೇಳುತ್ತಾರೆಂದು ಕಾದೆ. ಶಹಭಾಸ್ ಎನ್ನಲಿ ಎಂಬ ಆಸೆ ಆಗಲೇ ವಾಪಸು ಬಂದಿತ್ತು. ಅವರು ನನ್ನ ಒದ್ದೆ ಪಂಚೆ ನೋಡಿ, ಬಿಸಿಲಲ್ಲಿ ನಿಂತುಕೋ ಎಂದು ಹೇಳಿ ಹೋದರು.

ಚಹದಂಗಡಿ

ಮರುದಿನ ಬೆಳಿಗ್ಗೆ ಕೊಲಂಬೊ ಬಸ್ಸಿಗೆ ಕಾಯುತ್ತ ರಸ್ತೆ ಬದಿಯ ಚಹದಂಗಡಿಯಲ್ಲಿ ಕೂತೆವು. ಅಲ್ಲಿ ಹಾಲಿಲ್ಲದ ಚಹದ ಜೊತೆ ಒಂದು ಚೂರು ಬೆಲ್ಲ ಕೊಡುತ್ತಾರೆ. ಬೆಲ್ಲ ಕಚ್ಚಿಕೊಂಡು ಚಹ ಹೀರಬೇಕು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವ ನಮ್ಮ ಕಡೆಯವರಿಗೆ ಹೊಸದೇನಲ್ಲ. ಗಿರಿಜಾ ಹಿಂದಿನ ದಿನದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಾನೇ ಶುರು ಮಾಡಿದೆ.

"ಕೈ ವಿಚಾರ ನಿಂಗೆ ಹೇಳ್ಬೇಕು ಅಂತಿದ್ದೆ."

"ಎಂತ ಹೇಳಾದು?" ಎಂದಳು. "ಒಂದೂವರೆ ವರ್ಷದಿಂದ ನಿಮ್ಮ ಲೋಟಕ್ಕೆ ಅರ್ಧವೇ ಕಾಫಿ ಹಾಕ್ತಿದೀನಿ. ಚೆಲ್ಲಿದ್ರೆ ನೀವು ನನ್ನ ಮುಖ ನೋಡ್ತೀರಿ ಅಂತ. ಯಾಕೆ ಅರ್ಧ ಅಂತ ಒಂದಿನಾನೂ ಕೇಳ್ಲಿಲ್ಲ ನೀವು."

ನಾನು ಕೇಳಿರಲಿಲ್ಲ, ನಿಜ. ಹಾಲಿನವನು ಕಡಿಮೆ ಹಾಕುತ್ತಿದ್ದಾನೆಂದು ಅವನ ಜೊತೆ ಜಗಳವಾಡಿದ್ದೆ.

ಈ ಪ್ರವಾಸ ಯಾಕೆ ಕೈಗೊಂಡೆ ಎಂಬುದನ್ನೂ ಹೇಳಿದೆ. ನನ್ನದಲ್ಲ ಎಂದು ಬರೆದುಕೊಟ್ಟು ಕೈ ತೊಳೆದುಕೊಳ್ಳಲು ಬಂದೆ ಎಂದೆ. ಅವಳು ಬೆಲ್ಲ ಚೀಪುವುದನ್ನು ನಿಲ್ಲಿಸಿದಳು.

"ಮದುವೆ ದಿನ ನಿಮ್ಮ ಕೈ ಹಿಡ್ಸಿದ್ದು ನನ್ನ ಹತ್ರ. ಜಂಟಿ ಖಾತೆ ಅದು. ನನ್ನ ಸಹಿ ಇಲ್ದೆ ನಿಮ್ಮ ಖುಲಾಸೆ ಪತ್ರ ನಡೆಯಾದಿಲ್ಲ. ಇಷ್ಟು ವರ್ಷ ಬರ್ದಿದೀರಿ, ಅಷ್ಟು ಗೊತ್ತಾಗ್ಲಿಲ್ವಾ?"

ಕಾನೂನಿನ ಪ್ರಕಾರ ಅವಳು ಹೇಳಿದ್ದು ಸರಿ. ನನ್ನ ಇಡೀ ವೃತ್ತಿಜೀವನದಲ್ಲಿ ಇಷ್ಟು ದೊಡ್ಡ ಲೋಪವಿರುವ ಕರಡನ್ನು ನಾನು ತಯಾರಿಸಿರಲಿಲ್ಲ.

ಅಂಗಡಿಯ ಹೆಂಗಸು ಇನ್ನೊಂದು ಸುತ್ತು ಚಹ ತಂದರು. ಗಿರಿಜಾ ಅಭ್ಯಾಸಬಲದಿಂದ ನನ್ನ ಲೋಟಕ್ಕೆ ಅರ್ಧ ಸಾಕೆಂದು ಬೆರಳು ತೋರಿಸಿದಳು. ನಾನು ತುಂಬ ಹಾಕಿ ಎಂದೆ. ಬಲಗೈಯಲ್ಲೇ ಎತ್ತಿದೆ. ಒಂದು ಪಾಲು ಅಂಗಿಗೆ, ಒಂದು ಪಾಲು ಮೇಜಿಗೆ, ಉಳಿದದ್ದು ಬಾಯಿಗೆ. ಹೆಂಗಸು ಬಂದು ಮೇಜು ಒರೆಸಿ ಹೋದರು, ಬೇರೆ ಯಾರ ಮೇಜನ್ನಾದರೂ ಒರೆಸುವ ಹಾಗೆ.

"ಊರಿಗೆ ಹೋದ ತಕ್ಷಣ ಶಿವಮೊಗ್ಗಕ್ಕೆ ಹೋಗಾದು," ಎಂದಳು ಗಿರಿಜಾ.

"ಸೋಮವಾರ ಹೋಗಾಣ."

"ಡಾಕ್ಟರ ಹತ್ರ ನೀವು ಹೇಳ್ತೀರೋ, ನಾನು ಹೇಳ್ಲೋ? ನೀವು ಹೇಳಿದ್ರೆ ಚಳಿ ಅಂತೀರಿ."

ವಿಮಾನ ನಿಲ್ದಾಣದಲ್ಲೂ ಅವಳು ನೋಡಿದ್ದಳು ಹಾಗಾದರೆ. ನಾನು ಕೈಯನ್ನು ಮೇಜಿನ ಮೇಲೆ, ಬೆಳಗಿನ ಬಿಸಿಲಿಗೆ ಚಾಚಿ ಇಟ್ಟೆ. ಸುಮ್ಮನಿಟ್ಟಿದ್ದರಿಂದ ಅದು ತನ್ನ ಕೆಲಸ ಶುರುಮಾಡಿತು. ಪಕ್ಕದ ಮೇಜಿನವರು ನೋಡಿದರು. ನೋಡಲಿ ಎಂದು ಬಿಟ್ಟೆ.

"ನಾವಿಬ್ರೂ ಯಾಕೆ ಹೇಳ್ಬೇಕು," ಎಂದೆ. "ಅದೇ ಹೇಳ್ತದೆ."